ನೀರಲ್ಲಿ ಕೂತ ವೀರಭದ್ರ

ಗೌರಾಬಾಯಿ ಎಂದಿನಂತೆ ಬೈದು ಸುಮ್ಮನಾಗಿದ್ದರೆ ಇಷ್ಟೆಲ್ಲ ರಾದ್ಧಾಂತ ಆಗುತ್ತಿರಲಿಲ್ಲ. ಪುಣೆಯ ಭವಾನಿಪೇಟೆಯ, ಬಾಡಿಗೆ ಕೋಣೆಗಳ ಆ ವಾಡೆಯಲ್ಲಿ ಅವಳ ಬೈಗುಳಕ್ಕೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಒಲೆ ಹೊಗೆಯಾಡಿದರೆ ಒಲೆಗೆ, ಬೆಕ್ಕು ಹಾಲಿಗೆ ಬಾಯಿ ಹಾಕಿದರೆ ಬೆಕ್ಕಿಗೆ, ಊಟಕ್ಕೆ ತಡವಾಗಿ ಬಂದರೆ ಗುಮಾಸ್ತರಿಗೆ, 'ನಿಮ್ಮ ಬಾಯಾಗ ಮಣ್ಣು ಬೀಳಲಿ' ಎಂದು ಅವಳು ಭೇದಭಾವವಿಲ್ಲದೆ ಹಂಚುತ್ತಿದ್ದಳು. ಧಾರವಾಡ, ಬೆಳಗಾವಿ ಕಡೆಯಿಂದ ಬಂದು ಇಲ್ಲಿನ ಕಚೇರಿಗಳಲ್ಲಿ ಕುರ್ಚಿ ಸವೆಸುತ್ತಿದ್ದ ಹದಿನಾಲ್ಕು ಮಂದಿ ಅವಳ ಖಾನಾವಳಿಯಲ್ಲಿ ಎರಡು ಹೊತ್ತು ರೊಟ್ಟಿಯನ್ನೂ ಬೈಗುಳವನ್ನೂ ತಿಂದು ದುಂಡಗಾಗಿದ್ದರು. ಒಬ್ಬನ ಬಾಯಿಗೂ ಮಣ್ಣು ಬಿದ್ದಿರಲಿಲ್ಲ.

ಆ ಬೈಗುಳ ನಿಂತದ್ದು ೧೯೪೪ರ ಬೇಸಗೆಯಲ್ಲಿ, ವಾಡೆಯ ಮಾಲೀಕ ಗೂಳಪ್ಪ ಅಂಗಳದ ನಳಕ್ಕೆ ಕೀಲಿ ಜಡಿದ ದಿನ. ಗೂಳಪ್ಪ ನಿಪ್ಪಾಣಿ ತಂಬಾಕಿನ ವ್ಯಾಪಾರಿ. ಯುದ್ಧದಿಂದ ಊರಿಗೆ ಊರೇ ಸೊರಗುತ್ತಿದ್ದಾಗ ಇವನೊಬ್ಬ ಊದಿಕೊಂಡಿದ್ದ. ವಾಡೆಯ ಮೇಲೆ ಇನ್ನೊಂದು ಅಂತಸ್ತು ಏರಿಸುತ್ತಿದ್ದ. ತಂಬಾಕಿನ ಮೂಟೆ ಒಟ್ಟಲು ಕೆಳಗಿನ ಗೌರಾಬಾಯಿಯ ಕೋಣೆ ಬೇಕಾಗಿತ್ತು. ಆದರೆ ಯುದ್ಧಕಾಲದ ಬಾಡಿಗೆ ಕಾನೂನು ಅಡ್ಡ ಬಂತು. ಸರಿಯಾಗಿ ಬಾಡಿಗೆ ಕೊಡುವವರನ್ನು ಸುಮ್ಮಸುಮ್ಮನೆ ಹೊರಹಾಕುವಂತಿಲ್ಲ. ನೀರು ನಿಲ್ಲಿಸಿದರೆ ಖಾನಾವಳಿ ತಾನಾಗಿ ನಿಲ್ಲುತ್ತದೆ ಎಂದು ಈ ಮಹಾನುಭಾವನಿಗೆ ಹೊಳೆಯಿತು. ಹೆಂಡತಿ ಸತ್ತಾಗ ಐದು ವರ್ಷದ ಮಗಳು ಇಂದೂಳನ್ನು ಎತ್ತಿಕೊಂಡು ಬಂದು ಗೌರಾಬಾಯಿಯ ಒಲೆಯ ಮುಂದೆ ಕೂರಿಸಿ, 'ಇದನ್ನ ನೀವ ನೋಡಿಕೊಳ್ರಿ' ಎಂದು ಅತ್ತವನೂ ಇವನೇ. ಹುಡುಗಿಯ ತಲೆ ಬಾಚಿದ್ದು, ಹೇನು ತೆಗೆದದ್ದು, ದೊಡ್ಡವಳಾದಾಗ ಬೆಲ್ಲ ಕೊಬ್ಬರಿ ತಿನ್ನಿಸಿದ್ದು ಎಲ್ಲ ಗೌರಾಬಾಯಿಯೇ. ಅದೆಲ್ಲ ಗೂಳಪ್ಪನಿಗೆ ನೆನಪಿದ್ದರೆ ತಾನೆ.

ಆ ಕೋಣೆ ಹೋದರೆ ಗೌರಾಬಾಯಿಗೆ ಒಲೆಯಿಲ್ಲ. ಒಲೆಯಿಲ್ಲದ ಐವತ್ತೈದರ ವಿಧವೆಗೆ ಬೈಲಹೊಂಗಲದ ಮೈದುನನ ಮನೆಯಲ್ಲಿ ಸಗಣಿ ಬಾಚುವುದೊಂದೇ ಗತಿ. ಆ ಮೈದುನನ ಮುಖ ನೆನೆದರೇ ಅವಳಿಗೆ ವಾಕರಿಕೆ ಬರುತ್ತಿತ್ತು.

ಬೀದಿಯ ನಳದಿಂದ ಹನ್ನೊಂದು ಕೊಡ ಹೊತ್ತು ತಂದು ಅವಳು ಸೊಂಟ ಹಿಡಿದುಕೊಂಡು ಕೂತಿದ್ದಾಗ ಪಕ್ಕದ ಕೋಣೆಯ ಮರಾಠಿ ಮುದುಕಿ ರಂಗೂಬಾಯಿ ಬಂದಳು. "ದೇವ ಪಾಣ್ಯಾತ ಘಾಲ," ಅಂದಳು. ದೇವರನ್ನು ನೀರಿಗೆ ಹಾಕು. ಪುಣೆಯ ಹೆಂಗಸರಿಗೆ ಇದು ಹೊಸದಲ್ಲ. ಕೇಳಿದ್ದು ಆಗುವವರೆಗೆ ದೇವರ ಮೂರ್ತಿಯನ್ನು ನೀರಲ್ಲಿ ಮುಳುಗಿಸಿಡುವುದು, ಆದ ಮೇಲೆ ಹೊರತೆಗೆದು ಒರೆಸಿ ನೈವೇದ್ಯ ತೋರಿಸುವುದು. ಉಸಿರು ಕಟ್ಟಿದರೆ ಯಾವ ದೇವರಾದರೂ ದಾರಿಗೆ ಬರುತ್ತಾನೆ ಎಂದು ರಂಗೂಬಾಯಿಯ ನಂಬಿಕೆ. ಗಂಡನ ಕೆಮ್ಮು ವಾಸಿಯಾಗಲೆಂದು ಅವಳು ಗಣಪತಿಯನ್ನು ಒಂಬತ್ತು ತಿಂಗಳು ಮುಳುಗಿಸಿದ್ದಳಂತೆ.

ಗೌರಾಬಾಯಿ ಕೊರಳ ಲಿಂಗದ ತಂಟೆಗೆ ಹೋಗಲಿಲ್ಲ. ದೇವರ ಜಗುಲಿಯ ಮೇಲಿದ್ದ ಗೇಣುದ್ದದ ಹಿತ್ತಾಳೆಯ ವೀರಭದ್ರನನ್ನು, ಕತ್ತಿ ಹಿರಿದು ಮೀಸೆ ತಿರುವಿದ, ಅವಳ ಅತ್ತೆಯ ಕಾಲದ ದೇವರನ್ನು ಎತ್ತಿ ತಾಮ್ರದ ಹಂಡೆಯೊಳಗೆ ಇಳಿಸಿದಳು. ತಪ್ಪಾದದ್ದು ಇಲ್ಲಿ. ಮರಾಠಿ ಮನೆಗಳಲ್ಲಿ ದೇವರು ಮುಳುಗುವುದು ಒಳಗೆ, ದೇವರ ಕೋಣೆಯಲ್ಲಿ, ಹೊರಗಿನವರಿಗೆ ಕಾಣದಂತೆ. ಅದನ್ನು ರಂಗೂಬಾಯಿ ಹೇಳಲಿಲ್ಲ, ಇವಳು ಕೇಳಲಿಲ್ಲ. ಹಂಡೆಯನ್ನು ತಂದು ತನ್ನ ಹೊಸ್ತಿಲ ಹೊರಗೆ, ಗೂಳಪ್ಪನ ಮೆಟ್ಟಿಲಿಗೆ ನೇರ ಎದುರಾಗಿ ಇಟ್ಟಳು. ಕೈಮುಗಿದು ಮನಸ್ಸಿನಲ್ಲೇ ಬೇಡಿಕೊಂಡಳು: 'ಯಪ್ಪಾ, ಇವನ ಮನಿ ಬಾಗಿಲಿಗೆ ತೋರಣ ಏರಬಾರದು.' ಹೊಸ ಅಂತಸ್ತಿನ ವಾಸ್ತುಶಾಂತಿಗೆ ಗೂಳಪ್ಪ ಆಗಲೇ ಸನಾದಿ ಊದುವವರನ್ನು ಗೊತ್ತುಮಾಡಿದ್ದ. ಅವಳ ಕಣ್ಣಿಗೆ ಕಟ್ಟಿದ್ದು ಆ ವಾಸ್ತುಶಾಂತಿಯ ಮಾವಿನೆಲೆ, ಬೇರೆ ಏನೂ ಅಲ್ಲ. ಆಮೇಲೆ ಗೂಳಪ್ಪನ ವಿಷಯಕ್ಕೆ ಬಾಯಿಗೆ ಬೀಗ ಹಾಕಿಕೊಂಡುಬಿಟ್ಟಳು.

ಮೂರು ದಿನದಲ್ಲಿ ಗೂಳಪ್ಪನ ಮೋರೆ ಬಿಳಚಿಕೊಂಡಿತು. "ಏನ್ ಬೇಡ್ಯಾಳ ಆಕಿ?" ಎಂದು ವಾಡೆಯ ಎಲ್ಲರನ್ನೂ ಕೇಳಿದ. ಯಾರಿಗೂ ಗೊತ್ತಿರಲಿಲ್ಲ. ಬೈದಿದ್ದರೆ ಇಷ್ಟೇ ಎಂದು ತಿಳಿಯುತ್ತಿತ್ತು, ಬಾಯಿ ಮುಚ್ಚಿಕೊಂಡವಳು ಏನನ್ನು ಬೇಡಿದ್ದಾಳೋ ಯಾರು ಕಂಡರು? ನೆಗಡಿ ಬಂದರೆ ವೀರಭದ್ರ, ಹಲ್ಲು ನೋವೆದ್ದರೆ ವೀರಭದ್ರ, ಕುರಕುಂಭವೆಂಬ ಹಳ್ಳಿಯ ಹತ್ತಿರ ಅವನ ಎತ್ತಿನ ಗಾಡಿ ಕೀಲು ಮುರಿದುಕೊಂಡರೂ ವೀರಭದ್ರ. ವಾಸ್ತುಶಾಂತಿಯನ್ನು ಹೆದರಿ ತಾನೇ ಮುಂದಕ್ಕೆ ಹಾಕಿದ. ಹಂಡೆ ಕಣ್ಣಿಗೆ ಬೀಳದಿರಲೆಂದು ಗೋಡೆಗೆ ಮುಖಮಾಡಿ ಅಡ್ಡಡ್ಡ ಮೆಟ್ಟಿಲಿಳಿಯಲು ಹೋಗಿ ಪಾದ ಉಳುಕಿಸಿಕೊಂಡ. ಅದೂ ವೀರಭದ್ರನ ತಲೆಗೇ ಬಂತು. ಒಂದು ನಳದ ಕೀಲಿ ತೆಗೆದಿದ್ದರೆ ಎಲ್ಲ ಮುಗಿಯುತ್ತಿತ್ತು. ಅಷ್ಟು ಬುದ್ಧಿ ಇದ್ದಿದ್ದರೆ ಅವನು ಗೂಳಪ್ಪ ಯಾಕಾಗುತ್ತಿದ್ದ? ಕುಂಟುತ್ತ ವಕೀಲ ಮಾರ್ತಾಂಡರಾಯರ ಮನೆಗೆ ಹೋದ.

"ಪೀನಲ್ ಕೋಡಿನಲ್ಲಿ ಒಂದು ಕಲಮು ಇದೆ," ಎಂದು ಮಾರ್ತಾಂಡರಾಯರು ನಶ್ಯ ಏರಿಸುತ್ತ ಮರಾಠಿಯಲ್ಲಿ ಹೇಳಿದರು. "ಇಂಥದ್ದು ಮಾಡು, ಇಲ್ಲದಿದ್ದರೆ ನಿನ್ನ ಮೇಲೆ ದೇವರ ಕೋಪ ತರಿಸುತ್ತೇನೆ ಎಂದು ಹೆದರಿಸಿ ಕೆಲಸ ಮಾಡಿಸಿಕೊಂಡರೆ ಅಪರಾಧ. ಆಕೆ ಹಾಗೇನಾದರೂ ಅಂದಳೆ? ನಳ ಬಿಡು ಅಂದಳೆ?"

"ಏನೂ ಅಂದಿಲ್ರಿ. ಅದ ಅಲ್ರಿ ತ್ರಾಸು."

"ಹಾಗಾದರೆ ಅಪರಾಧವಿಲ್ಲ. ನೀವು ಸಾಯಲಿ ಎಂದು ಆಕೆ ಮನಸ್ಸಿನಲ್ಲೇ ದಿನಕ್ಕೆ ನೂರು ಸಲ ಬೇಡಿಕೊಂಡರೂ ಸರಕಾರಕ್ಕೆ ಸಂಬಂಧವಿಲ್ಲ."

"ಕೊಡ್ಲಿ ಎತ್ತಿದ್ರ ಹಿಡದು ಒಳಗ ಹಾಕ್ತೀರಿ, ದೇವರನ್ನ ಎತ್ತಿದ್ರ ಬಿಡ್ತೀರಿ. ಇದು ಯಾವ ನ್ಯಾಯರೀ ಸಾಹೇಬ್ರ?"

ಮಾರ್ತಾಂಡರಾಯರಿಗೆ ನ್ಯಾಯದ ವಿಚಾರದಲ್ಲಿ ಆಸಕ್ತಿ ಇರಲಿಲ್ಲ. ಬಾಡಿಗೆ ಕಾನೂನಿನಲ್ಲಿ ಒಂದು ಸಂದು ಇದೆ ಎಂದರು. ನೆರೆಹೊರೆಗೆ ಉಪದ್ರವ ಕೊಡುವ ಬಾಡಿಗೆದಾರರನ್ನು ಬಿಡಿಸಬಹುದು. ಆದರೆ ಉಪದ್ರವ ಆಗಿದೆಯೆಂದು ತೋರಿಸಬೇಕು. "ನಿಮಗೆ ಏನಾಗಿದೆ?"

"ಪಾದ ಉಳಕೇದರೀ."

"ಸಾಲದು," ಎಂದು ಮಾರ್ತಾಂಡರಾಯರು ಕಾಗದ ಎಳೆದುಕೊಂಡರು. "ಇನ್ನೂ ಜೋರಾದದ್ದು ಏನಾದರೂ ನೆನಪು ಮಾಡಿಕೊಳ್ಳಿ."

ಇದೇ ಹೊತ್ತಿಗೆ ಇಂದೂಳಿಗೆ ಸಂಬಂಧ ಕೂಡಿ ಬಂತು. ಹುಡುಗ ಬೆಳಗಾವಿಯಲ್ಲಿ ಶಾಲಾಮಾಸ್ತರ. ಸುದ್ದಿಯನ್ನು ಹುಡುಗಿ ಮೊದಲು ಹೇಳಿದ್ದು ಗೌರಾಬಾಯಿಗೆ. ಮೇಲಿನ ಮನೆಗೆ ಬೇರೆ ನಳವಿತ್ತು. ಮಧ್ಯಾಹ್ನ ಅಪ್ಪ ಗೊರಕೆ ಹೊಡೆಯುವಾಗ ಅವಳು ದಿನಾ ಎರಡು ಕೊಡ ನೀರು ಕದ್ದು ತಂದು ಇವಳ ಬಾನಿಗೆ ಸುರಿಯುತ್ತಿದ್ದಳು. ಅಂದು ಕೊಡ ಇಳಿಸಿ, "ದೊಡ್ಡವ್ವಾ, ಅವರ ಮನ್ಯಾಗ ಪುಸ್ತಕದ ಕಪಾಟ ಅದಾವಂತ," ಅಂದಳು. ಹದಿನೇಳರ ಹುಡುಗಿಯ ಮುಖ ಅಷ್ಟು ಹೊಳೆದದ್ದನ್ನು ಗೌರಾಬಾಯಿ ಎಂದೂ ನೋಡಿರಲಿಲ್ಲ. ತಂಬಾಕಿನ ಘಾಟು, ಅಪ್ಪನ ಕೂಗಾಟ ಎರಡರಿಂದಲೂ ಬಿಡುಗಡೆ ಸಿಗುವ ಸಂಭ್ರಮ ಅದು.

ಗೌರಾಬಾಯಿ ಅವಳ ಗಲ್ಲ ಸವರಿ ಲಟಿಕೆ ಮುರಿದಳು. ಆಮೇಲೆ ತೋರಣದ ಮಾತು ನೆನಪಾಯಿತು. ಮದುವೆಗೂ ಅದೇ ಬಾಗಿಲಿಗೆ ತೋರಣ ಏರಬೇಕಲ್ಲ. ವಾಸ್ತುಶಾಂತಿಯ ತೋರಣ ಎಂದು ವೀರಭದ್ರನಿಗೆ ಬಿಡಿಸಿ ಹೇಳಿರಲಿಲ್ಲ. ಸಂಜೆಯೇ ಹೊರತೆಗೆಯಬೇಕು ಎಂದುಕೊಂಡಳು. ತೆಗೆದೂ ಬಿಡುತ್ತಿದ್ದಳೇನೋ, ಆದರೆ ಸಂಜೆಗೆ ಕೋರ್ಟಿನ ಬೇಲೀಫ ಬಂದು ಸಮನ್ಸು ಕೈಗಿತ್ತ. ಅದನ್ನು ಕಂಡದ್ದೇ ಅವಳ ಮೈಯೆಲ್ಲ ಉರಿದುಹೋಯಿತು. ಈ ಭಾಡ್ಯಾನಿಗೆ ಹೆದರಿ ದೇವರನ್ನು ತೆಗೆದೆ ಅನ್ನಿಸಿಕೊಳ್ಳಲೇ ಎಂದು ಹಂಡೆಗೆ ಇನ್ನೊಂದು ತಂಬಿಗೆ ನೀರು ಹೊಯ್ದಳು. ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ಅವಳೂ ಗೂಳಪ್ಪನಿಗಿಂತ ಮೇಲೇನೂ ಇರಲಿಲ್ಲ.

ಸಮನ್ಸು ಓದಿ ಹೇಳಿದವನು ನಿಜಲಿಂಗಪ್ಪ. ಖಾನಾವಳಿಯ ಹದಿನಾಲ್ಕರಲ್ಲಿ ಒಬ್ಬ, ಹೊಸದಾಗಿ ಸನದು ಪಡೆದ ವಕೀಲ. ಕೋಟು ಇತ್ತು, ಕಕ್ಷಿದಾರರು ಇರಲಿಲ್ಲ. ತಾನೇ ಪುಕ್ಕಟೆ ನಿಲ್ಲುತ್ತೇನೆಂದ.

"ಗೌರಕ್ಕಾರ, ಏನ್ ಬೇಡಿಕೊಂಡೀರಿ ಅಂತ ಜಡ್ಜಸಾಹೇಬ್ರು ಕೇಳೇ ಕೇಳತಾರ. ಎಲ್ಲಾರಿಗೂ ಒಳ್ಳೇದಾಗಲಿ ಅಂತ ಬೇಡೀನಿ ಅನ್ರಿ."

"ಅದು ಸುಳ್ಳೋ ತಮ್ಮಾ."

"ಖರೇ ಹೇಳಿದ್ರ ಕೋಣಿ ಹೋಗತದ. ಮನಸ್ಸಿನಾಗಿನ ಮಾತು ಯಾರ ಕಂಡಾರ?"

"ವೀರಭದ್ರ ಕಂಡಾನ."

"ಅವನ್ನ ಸಾಕ್ಷಿಗೆ ಕರಿಯೂದಿಲ್ರಿ."

ಕೋರ್ಟಿನ ದಿನ ಗೂಳಪ್ಪ ಜರಿ ರುಮಾಲು ಸುತ್ತಿಕೊಂಡು, ಟಾಂಗಾದಲ್ಲಿ ನವಾ ಪೂಲ ಎಂಬ ಹೊಸ ಸೇತುವೆ ದಾಟಿ ಬಂದ. ಜೊತೆಗೆ ಕಾಡಪ್ಪನನ್ನೂ ಕರೆತಂದಿದ್ದ. ಈ ಕಾಡಪ್ಪ ಹುಡುಗನ ಸೋದರಮಾವ, ಮಾತು ಪಕ್ಕಾ ಮಾಡಲು ಬೆಳಗಾವಿಯಿಂದ ಬಂದವನು. ಪುಣೆಯ ಕೋರ್ಟಿನಲ್ಲಿ ತನಗೆ ಎಂಥಾ ವಕೀಲರಿದ್ದಾರೆ, ತಾನು ಹೇಗೆ ಮಾತಾಡುತ್ತೇನೆ, ಎಲ್ಲವನ್ನೂ ಬೀಗರು ಕಣ್ಣಾರೆ ನೋಡಲಿ ಎಂದು ಗೂಳಪ್ಪನ ಹಂಬಲ. ಕಾಡಪ್ಪ ಮುಂದಿನ ಬೆಂಚಿನಲ್ಲಿ ಕೊಡೆಯನ್ನು ಮೊಣಕಾಲ ನಡುವೆ ನಿಲ್ಲಿಸಿಕೊಂಡು ಕೂತ.

ಗೂಳಪ್ಪ ಸಾಕ್ಷಿಕಟ್ಟೆ ಹತ್ತಿ ಉಪದ್ರವಗಳನ್ನು ಹೇಳತೊಡಗಿದ. ನೆಗಡಿ. ಹಲ್ಲುನೋವು. ಉಳುಕಿದ ಪಾದ. ಕೆಟ್ಟ ಕನಸು. ಜಡ್ಜಸಾಹೇಬರು ಕನ್ನಡಕದ ಮೇಲಿನಿಂದ ಅವನ ಹೊಟ್ಟೆಯ ಸುತ್ತಳತೆಯನ್ನು ಒಮ್ಮೆ ನೋಡಿದರು. ನಿಜಲಿಂಗಪ್ಪ ಎದ್ದು, "ಪುಣೆಯಲ್ಲಿ ನೆಗಡಿ ಬರದಿದ್ದ ಯಾವನಾದರೂ ನಿಮಗೆ ಗೊತ್ತೆ?" ಎಂದು ಕೇಳಿದ. ಹಿಂದಿನ ಬೆಂಚಿನವರು ಕಿಸಕ್ಕೆಂದರು. ಗೂಳಪ್ಪನ ಕಿವಿ ಕೆಂಪಾದವು. ಬೀಗರ ಮುಂದೆ ಮಾನ ಹೋಗುತ್ತಿದೆ, ಹೇಗಾದರೂ ಗೆಲ್ಲಬೇಕು, ಅವನಿಗೆ ಕಂಡದ್ದು ಅಷ್ಟೇ.

ಮಾರ್ತಾಂಡರಾಯರು ನಿಧಾನವಾಗಿ ಎದ್ದರು. "ಮನೆಯಲ್ಲಿ ಬೇರೆ ಯಾರಿಗಾದರೂ ಏನಾದರೂ ಆಗಿದೆಯೆ? ಯೋಚನೆ ಮಾಡಿ ಹೇಳಿ."

"ಆಗೇದರೀ," ಅಂದ ಗೂಳಪ್ಪ. ಯೋಚನೆ ಮಾತ್ರ ಮಾಡಲಿಲ್ಲ. "ನನ್ನ ಮಗಳಿಗೆ ಮೂರ್ಛಾ ಬರತದರೀ. ಆ ಹಂಡೆ ಇಟ್ಟಾಗಿಂದ. ನಿಂತಲ್ಲೇ ಬೀಳತಾಳ, ಕಣ್ಣ ಮ್ಯಾಲ ಹೋಗತಾವ, ಬಾಯಾಗ ನೊರಿ ಬರತದ. ವೀರಭದ್ರನ ಕಾಟರೀ ಇದು."

ಕೋರ್ಟಿನ ಗುಮಾಸ್ತ ಬರೆದುಕೊಂಡ. ಗೂಳಪ್ಪ ಗೆದ್ದವನ ಹಾಗೆ ಎದೆ ಸೆಟೆಸಿ ಮುಂದಿನ ಬೆಂಚಿನ ಕಡೆ ನೋಡಿದ. ಕಾಡಪ್ಪ ಕೊಡೆ ಎತ್ತಿಕೊಂಡು, ಮುಖವನ್ನು ಗಂಟಿಕ್ಕಿಕೊಂಡು ಬಾಗಿಲ ಕಡೆ ಹೋಗುತ್ತಿದ್ದ. ಅವನು ಮೂತ್ರಕ್ಕೆ ಹೋದನೆಂದು ಗೂಳಪ್ಪ ತಿಳಿದ.

ಗೌರಾಬಾಯಿ ಹಾಗೆ ತಿಳಿಯಲಿಲ್ಲ. ದಿನಾ ಮಧ್ಯಾಹ್ನ ಎರಡು ಕೊಡ ನೀರು ಹೊತ್ತು ಮೆಟ್ಟಿಲಿಳಿಯುವ ಹುಡುಗಿಗೆ ಎಂಥ ಮೂರ್ಛೆ, ಎಲ್ಲಿಯ ನೊರೆ? ಅವಳ ನಾಲಿಗೆಯ ತುದಿಗೆ ಒಂದು ಬೈಗುಳ ಬಂದು ನಿಂತಿತ್ತು. ಅಷ್ಟರಲ್ಲಿ ಅವಳ ಹೆಸರು ಕೂಗಿದರು. ಕಟ್ಟೆ ಹತ್ತಿದಳು, ದೇವರ ಮೇಲೆ ಪ್ರಮಾಣ ಮಾಡಿಸಿದರು. ಆ ದೇವರಾದರೋ ಭವಾನಿಪೇಟೆಯಲ್ಲಿ ನೀರೊಳಗೆ ಕೂತಿದ್ದ.

"ಏನು ಬೇಡಿಕೊಂಡಿರಿ?" ಎಂದು ಜಡ್ಜಸಾಹೇಬರು ಕೇಳಿದರು.

ಹುಡುಗಿಗೆ ಏನೂ ಆಗಿಲ್ಲ, ಇವನು ಸುಳ್ಳ ಎಂದು ಅವಳು ಹೇಳಬೇಕಾಗಿತ್ತು. ನಾನು ಕೆಟ್ಟದ್ದನ್ನೇ ಬೇಡಿದೆ ಎಂದೂ ಹೇಳಬೇಕಾಗಿತ್ತು. ಅವಳ ಕಣ್ಣ ಮುಂದೆ ಬೈಲಹೊಂಗಲದ ಮೈದುನನ ಮುಖ ಬಂತು. "ಎಲ್ಲಾರಿಗೂ ಒಳ್ಳೇದಾಗಲಿ ಅಂತ ಬೇಡೀನ್ರಿ," ಅಂದಳು. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟು ಇಳಿದಳು.

ಹದಿನೈದು ದಿನಕ್ಕೆ ತೀರ್ಪು ಬಂತು. ಒಬ್ಬರ ಪ್ರಾರ್ಥನೆ ಇನ್ನೊಬ್ಬರ ಮೈಗೆ ತಗಲಿದೆಯೇ ಇಲ್ಲವೇ ಎಂದು ತೂಗಿ ನೋಡಲು ಈ ಕೋರ್ಟಿನಲ್ಲಿ ತಕ್ಕಡಿ ಇಲ್ಲ, ದಾವೆ ವಜಾ, ನಳದ ಕೀಲಿ ಕೂಡಲೇ ತೆಗೆಯತಕ್ಕದ್ದು. ಗೌರಾಬಾಯಿಯಿಂದ ಯಾರಿಗೂ ಏನೂ ತೊಂದರೆಯಾಗಿಲ್ಲ ಎಂದು ಇಂಗ್ಲಿಷಿನಲ್ಲಿ ಬರೆದು ಮೊಹರು ಒತ್ತಿದ ಕಾಗದವನ್ನು ನಿಜಲಿಂಗಪ್ಪ ತಂದುಕೊಟ್ಟ. ಅವಳು ಅದನ್ನು ಉಪ್ಪಿನ ಗಡಿಗೆಯ ಕೆಳಗೆ ಇಟ್ಟಳು.

ಅದೇ ವಾರ ಬೆಳಗಾವಿಯಿಂದ ಕಾಡಪ್ಪನ ಕಾರ್ಡು ಬಂತು. ಮೂರ್ಛೆ ಬೀಳುವ ಹುಡುಗಿಯನ್ನು ಮುಚ್ಚಿಟ್ಟು ಮಾತಾಡಿದ್ದೀರಿ, ನಿಮ್ಮ ಸಹವಾಸ ಸಾಕು. ಕಾರ್ಡು ತಾನೆ, ಅಂಚೆಯವನಿಂದ ಹಿಡಿದು ಎಲ್ಲರೂ ಓದಿದರು. ವೀರಭದ್ರ ಕಡೆಗೂ ಕೈ ತೋರಿಸಿದ ಎಂದು ವಾಡೆಯವರೆಲ್ಲ ಹಂಡೆಗೆ ಕೈಮುಗಿದು ಓಡಾಡತೊಡಗಿದರು. ಮಗಳ ಸಂಬಂಧವನ್ನು ಅಪ್ಪನ ಬಾಯಿಯೇ ಮುರಿದದ್ದು ಯಾರ ಲೆಕ್ಕಕ್ಕೂ ಬರಲಿಲ್ಲ. ಇಂಥವರಿಗೆ ದೇವರು ಇರುವುದೇ ಇದಕ್ಕೆ.

ಗೂಳಪ್ಪ ಮಾರ್ತಾಂಡರಾಯರಲ್ಲಿಗೆ ಓಡಿದ. ಡಾಕ್ಟರಿಂದ ಒಂದು ಸರ್ಟಿಫಿಕೇಟು ಬರೆಸಿ ಬೆಳಗಾವಿಗೆ ಕಳಿಸುತ್ತೇನೆ, ಮಗಳು ಗಟ್ಟಿಮುಟ್ಟಾಗಿದ್ದಾಳೆ ಎಂದ. ಮಾರ್ತಾಂಡರಾಯರು ನಶ್ಯದ ಡಬ್ಬಿ ಮುಚ್ಚಿದರು. "ಬರೆಸಿ. ಪ್ರಮಾಣ ಮಾಡಿ ಸುಳ್ಳು ಹೇಳಿದಿರಿ ಎಂದು ಅದೇ ಸರ್ಟಿಫಿಕೇಟು ನಿಮ್ಮನ್ನು ಯೆರವಡಾ ಜೇಲಿಗೆ ಕಳಿಸುತ್ತದೆ. ಬೇಡವಾದರೆ ಮೂರ್ಛೆ ಇದೆ ಎಂದೇ ಹೇಳುತ್ತಾ ಇರಿ, ಅಪೀಲು ಹಾಕೋಣ. ಕೋಣೆ ಸಿಕ್ಕರೂ ಸಿಗಬಹುದು." ಮಗಳು ಒಂದು ಕಡೆ, ತಂಬಾಕಿನ ಮೂಟೆ ಒಂದು ಕಡೆ. ಗೂಳಪ್ಪ ಬಹಳ ಹೊತ್ತು ತಲೆ ಕೆರೆದುಕೊಳ್ಳಲಿಲ್ಲ. ಅಪೀಲಿಗೆ ಸಹಿ ಹಾಕಿ ಬಂದ.

ನಿಜಲಿಂಗಪ್ಪ ಅದನ್ನು ಕೇಳಿಕೊಂಡು ಬಂದು ಗೌರಾಬಾಯಿಗೆ ಎಚ್ಚರಿಕೆ ಹೇಳಿದ. "ಅಪೀಲ ಮುಗಿಯೋತನಕ ದೇವರನ್ನ ತೆಗೀಬ್ಯಾಡ್ರಿ ಅಕ್ಕಾರ. ಈಗ ತೆಗೆದ್ರ, ಬೇಡಿದ್ದು ಆತು ಅಂತ ಒಪ್ಪಿಕೊಂಡಂಗ. ಕೋಣೀನೂ ಹೋಗತದ, ಕಟ್ಟಿ ಮ್ಯಾಲ ಸುಳ್ಳ ಹೇಳೀರಿ ಅಂತ ನೀವೂ ಸಿಗತೀರಿ."

"ಅಪೀಲ ಎಷ್ಟ ದಿನ?"

"ಒಂದ ವರ್ಷ, ಎರಡ ವರ್ಷ."

ಎರಡು ವರ್ಷ ಆ ಹಂಡೆ ಅಲ್ಲೇ ಇದ್ದರೆ ಹುಡುಗಿಯನ್ನು ನೋಡಲು ಯಾವ ಗಂಡು ಆ ಮೆಟ್ಟಿಲು ಹತ್ತುತ್ತಾನೆ? ಗೌರಾಬಾಯಿ ಆ ರಾತ್ರಿ ಕಣ್ಣು ಮುಚ್ಚಲಿಲ್ಲ. ಮರುದಿನ ಕೀಲಿ ತೆಗೆದ ನಳ ಧೋ ಎಂದು ಸುರಿಯುತ್ತಿತ್ತು. ಅವಳಿಗೆ ಅದರ ಕೆಳಗೆ ಕೊಡ ಇಡುವ ಮನಸ್ಸಾಗಲಿಲ್ಲ.

ಮಧ್ಯಾಹ್ನ ಗುಮಾಸ್ತರೆಲ್ಲ ಉಣ್ಣುತ್ತಿದ್ದಾಗ ಇಂದೂ ಇಳಿದು ಬಂದಳು. ಕೈಯಲ್ಲಿ ಕೊಡ ಇರಲಿಲ್ಲ. ಅತ್ತೂ ಅತ್ತೂ ಮೂಗು ಕೆಂಪಗಾಗಿತ್ತು. ಹಂಡೆಯ ಈಚೆ ನಿಂತು ಎಲ್ಲರಿಗೂ ಕೇಳಿಸುವಂತೆ ಕೇಳಿದಳು.

"ದೊಡ್ಡವ್ವಾ, ಖರೇನ ಎಲ್ಲಾರಿಗೂ ಒಳ್ಳೇದಾಗಲಿ ಅಂತ ಬೇಡಿದ್ದೀರೇನು?"

ಪಂಕ್ತಿಯಲ್ಲಿದ್ದ ನಿಜಲಿಂಗಪ್ಪ ತುತ್ತು ಕೈಯಲ್ಲೇ ಹಿಡಿದು, ಬೇಡ ಎಂದು ತಲೆಯಾಡಿಸಿದ. ರಂಗೂಬಾಯಿ ತನ್ನ ಬಾಗಿಲಲ್ಲಿ ಅಕ್ಕಿ ಆರಿಸುವುದನ್ನು ನಿಲ್ಲಿಸಿದಳು. ಗೌರಾಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಹಂಡೆಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಮೊಣಕೈವರೆಗೆ ಕೈ ಇಳಿಸಿ ವೀರಭದ್ರನನ್ನು ಎತ್ತಿದಳು. ಮೀಸೆಯ ಮೇಲೆ ಹಸಿರು ಪಾಚಿ ಕಟ್ಟಿತ್ತು.

"ಇಲ್ಲ. ನಿಮ್ಮಪ್ಪನ ಮನಿ ಬಾಗಿಲಿಗೆ ತೋರಣ ಏರಬಾರದು ಅಂತ ಬೇಡಿದೆ. ಮನಿಶಾಂತಿ ಮನಸ್ಸಿನಾಗಿತ್ತು, ನಿನ್ನ ನೆನಪ ಆಗಲಿಲ್ಲ. ಆಮ್ಯಾಲ ನೆನಪಾತು, ಆದರೂ ತೆಗೀಲಿಲ್ಲ. ಕೋರ್ಟಿನ್ಯಾಗ ಸುಳ್ಳ ಹೇಳಿದೆ. ನಿನ್ನ ಮೂರ್ಛೀದು ಸುಳ್ಳ ಅಂತ ಗೊತ್ತಿದ್ದೂ ಬಾಯಿ ಮುಚಗೊಂಡೆ." ಮೀಸೆಯ ಪಾಚಿಯನ್ನು ಹೆಬ್ಬೆರಳಿನಿಂದ ಉಜ್ಜಿದಳು. "ನನ್ನ ಬಾಯಾಗ ಮಣ್ಣು ಬೀಳಲಿ."

ಮೇಲಿನ ಮೊಗಸಾಲೆಯ ಕಟಾಂಜನ ಹಿಡಿದು ಗೂಳಪ್ಪ ನಿಂತಿದ್ದ. ಅವನ ಮುಖ ಅರಳಿತು. ಮಗಳ ಕಣ್ಣೀರು ಅವನಿಗೆ ಕಾಣಲಿಲ್ಲ, ತಂಬಾಕು ತುಂಬಿದ ಕೋಣೆ ಕಂಡಿತು. ಉಳುಕಿದ ಪಾದವನ್ನೂ ಮರೆತು ಎರಡೆರಡು ಮೆಟ್ಟಿಲು ಹಾರಿ ಕೆಳಗೆ ಬಂದ.

"ಕೇಳಿದ್ರಿಲ್ಲೋ ಎಲ್ಲಾರೂ? ಆಕೀ ಬಾಯಿಂದನ ಬಂತು. ಸಾಕ್ಷಿ ಹೇಳಬೇಕ್ ನೀವು. ರಂಗೂಬಾಯಿ, ನೀ ಕೇಳಿದಿ ಹೌದಿಲ್ಲೋ?"

ನಲವತ್ತು ವರ್ಷ ಕನ್ನಡದವರ ನಡುವೆ ಬಾಳಿ, ಗೌರಾಬಾಯಿಯ ಒಂದೊಂದು ಬೈಗುಳವನ್ನೂ ಅರ್ಥಮಾಡಿಕೊಂಡು ನಕ್ಕ ರಂಗೂಬಾಯಿ ಮೊರ ಎತ್ತಿಕೊಂಡಳು. "ಮಲಾ ಕಾನಡೀ ಕಳತ ನಾಹೀ," ಎಂದು ಒಳಗೆ ಹೋದಳು. ತನಗೆ ಕನ್ನಡ ಬರುವುದಿಲ್ಲವಂತೆ.

ಗುಮಾಸ್ತರು ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಿದ್ದರು. ಒಬ್ಬನೂ ಮೇಲೆ ನೋಡಲಿಲ್ಲ.

ಗೂಳಪ್ಪ ಮಗಳ ಕಡೆ ತಿರುಗಿದ. "ಇಂದೂ, ನೀ ಮುಂದ ನಿಂತಿದ್ದಿ. ನೀ ಎಲ್ಲಾ ಕೇಳಿದಿ. ನೀನ ಹೇಳು ಕೋರ್ಟಿನ್ಯಾಗ."

ಇಂದೂ ಅಪ್ಪನ ಮುಖವನ್ನು ನೆಟ್ಟಗೆ ನೋಡಿದಳು.

"ಇಲ್ಲಪ್ಪಾ, ನಾ ಏನೂ ಕೇಳಿಲ್ಲ. ಆಗ ನನಗ ಮೂರ್ಛಾ ಬಂದಿತ್ತು."

ಬಗ್ಗಿ ಹಂಡೆಯನ್ನು ಎತ್ತಿ ನೀರನ್ನು ಮೋರಿಗೆ ಸುರಿದಳು. ಖಾಲಿ ಹಂಡೆಯನ್ನು ಗೌರಾಬಾಯಿಯ ಹೊಸ್ತಿಲ ಮೇಲೆ ಇಟ್ಟು, ಅವಳ ಕಡೆಗೂ ನೋಡದೆ ಮೆಟ್ಟಿಲು ಹತ್ತಿ ಹೋದಳು.